ಎಂ4 ಕಾರನ್ನು ತಗ್ಗಿಸಲು ಹೋಗಿ ಮುಂದಿನ ಸ್ಟ್ರಟ್ ಕಳೆದುಕೊಂಡದ್ದು

ನನ್ನ 2015ರ ಬಿಎಂಡಬ್ಲ್ಯು ಎಂ4 ಕಾರಿನ ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಮೂರು ಬೆರಳು ತೂರುವಷ್ಟು ಸಂದಿ ಇತ್ತು. ಆ ಸಂದಿ ಕಣ್ಣಿಗೆ ಹಿಡಿಸಲಿಲ್ಲ ಎಂಬುದೊಂದೇ ಕಾರಣಕ್ಕೆ ನಾನು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಹೋದೆ. ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಹಾಕಿದರೆ ಕಾರಿನ ಎಲೆಕ್ಟ್ರಾನಿಕ್ ಡ್ಯಾಂಪರ್‌ಗಳನ್ನು (ಶಾಕ್ ಅಬ್ಸಾರ್ಬರ್‌ಗಳನ್ನು) ಕಳಚಬೇಕಾಗುತ್ತದೆ, ಅವುಗಳ ಜಾಗದಲ್ಲಿ ಕಂಪ್ಯೂಟರನ್ನು ಸುಮ್ಮನಿರಿಸುವ ಮಾಡ್ಯೂಲ್ ಕೂರಿಸದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಆರುವುದಿಲ್ಲ, ಬರೀ ಸ್ಪ್ರಿಂಗ್ ಬದಲಿಸಿದರೆ ಕಂಫರ್ಟ್, ಸ್ಪೋರ್ಟ್ ಎಂಬ ಸವಾರಿಯ ಆಯ್ಕೆಗಳೆಲ್ಲವೂ ಇದ್ದಂತೆಯೇ ಇರುತ್ತವೆ ಎಂದು ಅಲ್ಲಿಯವರು ವಿವರಿಸಿದರು. ಅವರು ಹೇಳಿದ ಇಷ್ಟೂ ನಿಜ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು.

ನಾನು ಬರೀ ಸ್ಪ್ರಿಂಗ್‌ಗಳನ್ನೇ ಬದಲಿಸಿಕೊಂಡೆ. ಮುಂಭಾಗ 20 ಮಿಲಿಮೀಟರ್ ಇಳಿಯುತ್ತದೆ ಎಂದಿದ್ದರು. ಮನೆಗೆ ಬಂದು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು, ಮೊದಲೇ ಬರೆದಿಟ್ಟುಕೊಂಡಿದ್ದ ಅಳತೆಯೊಂದಿಗೆ ಹೋಲಿಸಿದರೆ 34 ಇಳಿದಿತ್ತು. ಕಾರು ಚೆನ್ನಾಗಿ ಕಾಣುತ್ತಿದ್ದುದರಿಂದ ಹೆಚ್ಚುವರಿ 14 ಮಿಲಿಮೀಟರ್ ಲಾಭವೇ ಆಯಿತೆಂದು ಭಾವಿಸಿದ್ದು ನನ್ನ ದಡ್ಡತನ.

ಎರಡನೆಯ ವಾರ ನಂದಿ ಬೆಟ್ಟದ ಕಡೆಗೆ ಹೋಗುವಾಗ, ಬಿಳಿ ಬಣ್ಣ ಮಾಸಿಹೋಗಿದ್ದ ಒಂದು ಹಂಪ್ ಮೇಲೆ ಮುಂದಿನ ಎರಡೂ ಚಕ್ರಗಳಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 10 ಸೆಂಟಿಮೀಟರ್ ಎತ್ತರವಿದ್ದು 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳಿಗೆ ಆ ಲೆಕ್ಕ ಗೊತ್ತಿಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿದಾಗ, “ಹೊಸ ಸ್ಪ್ರಿಂಗು ಸಾರ್, ಐನೂರು ಕಿಲೋಮೀಟರ್ ಓಡಿಸಿ, ತಾನಾಗೇ ಸೆಟ್ ಆಗುತ್ತೆ” ಎಂದರು.

ಸೆಟ್ ಆಗಲು ಅಲ್ಲಿ ಏನೂ ಉಳಿದಿರಲಿಲ್ಲ. ಕಾರು ತಗ್ಗಿದಷ್ಟೂ ಚಕ್ರ ಮೇಲೇರಲು ಇರುವ ಜಾಗ ಕಡಿಮೆಯಾಗುತ್ತದೆ, ಸ್ಪ್ರಿಂಗ್ ಹೀರಬಲ್ಲ ಶಕ್ತಿಯಾದರೋ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 80 ಮಿಲಿಮೀಟರ್ ಜಾಗವಿದ್ದ ಕಡೆ 50 ಮಾತ್ರ ಉಳಿದಿದೆ ಎಂದಿಟ್ಟುಕೊಂಡರೆ, ಅದೇ ಹೊಡೆತವನ್ನು ತಾಳಲು ಸ್ಪ್ರಿಂಗ್ ಸರಿಸುಮಾರು ಎರಡೂವರೆ ಪಟ್ಟು ಗಟ್ಟಿಯಾಗಿರಬೇಕು. ಆದರೆ ಮೂಲ ಡ್ಯಾಂಪರ್‌ಗಳ ಜೊತೆ ಹೊಂದಿಕೊಳ್ಳಬೇಕಾದ ಸ್ಪ್ರಿಂಗನ್ನು ಅಷ್ಟು ಗಟ್ಟಿಯಾಗಿ ಮಾಡಲು ಬರುವುದಿಲ್ಲ. ಉಳಿದ ಹೊಡೆತವನ್ನೆಲ್ಲ ತಿನ್ನುವುದು ಬಂಪ್ ಸ್ಟಾಪ್, ಅಂದರೆ ಚಕ್ರ ಪೂರ್ತಿ ಮೇಲೇರಿದಾಗ ಅದನ್ನು ತಡೆಯುವ ಮೆತ್ತನೆಯ ತುಂಡು. ನನ್ನ ಸ್ಪ್ರಿಂಗ್‌ನ ಗಟ್ಟಿತನ ಎಷ್ಟು ಎಂಬುದು ಪೆಟ್ಟಿಗೆಯ ಮೇಲಾಗಲಿ ಒಳಗಿದ್ದ ಹಾಳೆಯಲ್ಲಾಗಲಿ ಎಲ್ಲಿಯೂ ಇರಲಿಲ್ಲ.

ನಾಲ್ಕು ತಿಂಗಳಿಗೆ ಎಡಗಡೆಯ ಮುಂದಿನ ಸ್ಟ್ರಟ್ (ಡ್ಯಾಂಪರ್ ಇರುವ ಕಂಬ) ಎಣ್ಣೆ ಸೋರಿತು. ಬೇರೊಬ್ಬ ಮೆಕ್ಯಾನಿಕ್ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಬಂಪ್ ಸ್ಟಾಪ್ ಪುಡಿಪುಡಿಯಾಗಿ ರಾಡಿಗೆ ಅಂಟಿಕೊಂಡಿತ್ತು. ಅದರ ತುದಿಯನ್ನು ಬ್ಲೇಡಿನಿಂದ ಕತ್ತರಿಸಿದ್ದ ಗುರುತು ಸ್ಪಷ್ಟವಾಗಿತ್ತು. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್‌ನ ಬುಷ್ (ಕೀಲಿನಲ್ಲಿರುವ ರಬ್ಬರ್) ಕೂಡ ಸೀಳಿತ್ತು. ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಇರುವಾಗಲೇ ಕೊನೆಯ ಬಿಗಿ ಕೊಡಬೇಕು. ಲಿಫ್ಟ್ ಮೇಲೆ ಚಕ್ರಗಳು ಜೋತಾಡುತ್ತಿರುವಾಗ ಬಿಗಿದರೆ, ಕಾರನ್ನು ಕೆಳಗಿಳಿಸಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟದ್ದು ನನ್ನದೇ ತಪ್ಪು, ಅದಕ್ಕೆ ಹಿಂದಿನ 275 ಅಗಲದ ಟೈರ್‌ಗಳ ಒಳ ಅಂಚು ತಂತಿ ಕಾಣುವವರೆಗೆ ಸವೆದಿತ್ತು. ಎರಡು ಹೊಸ ಸ್ಟ್ರಟ್‌ಗಳ ಬಿಲ್ಲೇ ಸ್ಪ್ರಿಂಗ್‌ಗೆ ಕೊಟ್ಟ ಹಣದ ಆರು ಪಟ್ಟು ಬಂತು.

ಇಷ್ಟಾದ ಮೇಲೆ ಮೊದಲ ವರ್ಕ್‌ಶಾಪಿನವರು ಕಾಯಿಲೋವರೇ ಪರಿಹಾರ ಎಂದು ಮುಂದೆ ಬಂದರು. ಒಳ್ಳೆಯ ಕಾಯಿಲೋವರ್‌ನಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಕ್ಕೊಂದು ಹೊಂದುವಂತೆ ತಯಾರಾಗಿರುತ್ತವೆ ಎಂಬುದನ್ನು ನಾನು ಒಪ್ಪುತ್ತೇನೆ, ನುಣುಪಾದ ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರಿಗೆ ಅದೇ ಸರಿ. ಆದರೆ ಸ್ಪ್ರಿಂಗ್ ಕೂರುವ ಕಾಲರನ್ನು ತಿರುಗಿಸಿ ಕೆಳಗಿಳಿಸುವ ಸಾಮಾನ್ಯ ಮಾದರಿಯಲ್ಲೂ ಚಕ್ರ ಮೇಲೇರುವ ಓಟ ಅಷ್ಟೇ ಕಡಿಮೆಯಾಗುತ್ತದೆ. ಕೆಳಗಿನ ಬ್ರಾಕೆಟ್ಟಿನಿಂದ ಎತ್ತರ ಬದಲಿಸುವ ಮಾದರಿಯಲ್ಲಿ ಡ್ಯಾಂಪರ್‌ನ ಓಟ ಉಳಿಯುತ್ತದೆ ನಿಜ, ಬದಲಿಗೆ ಟೈರು ಮಡ್‌ಗಾರ್ಡಿನ ಒಳಪದರಕ್ಕೆ ತಾಗಬಹುದು. ಈ ಕಾರಿನ ಹಿಂಭಾಗದಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ ಬೇರೆ ಬೇರೆ ಕಡೆ ಇದ್ದು, ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂರುವುದರಿಂದ, ಅಲ್ಲಿ 10 ಮಿಲಿಮೀಟರ್ ಇಳಿಸಿದರೆ ಚಕ್ರದ ಬಳಿ ಅದಕ್ಕಿಂತ ಹೆಚ್ಚೇ ಇಳಿಯುತ್ತದೆ. ಇದನ್ನು ಅಳೆದು ನೋಡುವ ತಾಳ್ಮೆ ಆ ವರ್ಕ್‌ಶಾಪಿನವರಲ್ಲಿ ನನಗೆ ಕಂಡಿರಲಿಲ್ಲ.

ಆದ್ದರಿಂದ ಯಾವುದನ್ನೇ ಕೊಳ್ಳುವಿರಾದರೂ ಸ್ಪ್ರಿಂಗ್‌ನ ಗಟ್ಟಿತನವನ್ನೂ, ಇಳಿಸಿದ ಮೇಲೆ ಬಂಪ್ ಸ್ಟಾಪಿಗೆ ಮುಟ್ಟುವ ಮುನ್ನ ಉಳಿಯುವ ದೂರವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ ಇವೆ ಎಂಬುದನ್ನೂ ನನಗೆ ಯಾವ ಮಾರಾಟಗಾರರೂ ತಿಳಿಸಿರಲಿಲ್ಲ.

ಕಾರು ಈಗ ಮೂಲ ಸ್ಪ್ರಿಂಗ್‌ಗಳ ಮೇಲೆ ನಿಂತಿದೆ. ಹೊಸ ಸ್ಟ್ರಟ್‌ಗಳು 6,000 ಕಿಲೋಮೀಟರ್ ಓಡಿವೆ, ಎಣ್ಣೆಯ ಪಸೆ ಇನ್ನೂ ಕಂಡಿಲ್ಲ.