ನುಣುಪು ತಳ, ಗೀರು ತಳ: ನೀರು ಯಾವುದರಲ್ಲಿ ಚೆನ್ನಾಗಿ ಕುದಿಯುತ್ತದೆ?

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಒಲೆ ಮೇಲೆ ಕಷಾಯಕ್ಕೋ ಕುಡಿಯೋಕೋ ನೀರು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಉಜ್ಜಿ ಉಜ್ಜಿ ಗೀರೆದ್ದ ಅಲ್ಯೂಮಿನಿಯಂ ಪಾತ್ರೆಯೂ ಇದೆ, ಥಳಥಳ ಹೊಳೆಯುವ ಹೊಸ ಸ್ಟೀಲ್ ಪಾತ್ರೆಯೂ ಇದೆ. ಹಳೇದರಲ್ಲೇ ಬೇಗ ಕುದಿಯುತ್ತದೆ ಅನ್ನೋದು ಅಮ್ಮನ ವಾದ. ಆದರೆ ಲೋಹವೇ ಬೇರೆ, ದಪ್ಪವೂ ಬೇರೆ, ಅದೆಂಥ ಹೋಲಿಕೆ? ಹಾಗಾಗಿ ಸ್ಟೀಲ್ ಪಾತ್ರೆಯ ತಳದ ಅರ್ಧಭಾಗವನ್ನು ಮಾತ್ರ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆ. (ಅಮ್ಮನಿಗೆ ಇನ್ನೂ ಹೇಳಿಲ್ಲ.)

ಮೊದಲು ಏಳುವ ಸಣ್ಣ ಗುಳ್ಳೆಗಳು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಅವು ಎರಡೂ ಕಡೆ ಬಂದವು, ಉಜ್ಜಿದ ಕಡೆ ಜಾಸ್ತಿ. ಆಮೇಲೆ ನೋಡಬೇಕು ಮಜಾ! ಗೀರಿನ ಉದ್ದಕ್ಕೂ ಸಣ್ಣ ಗುಳ್ಳೆಗಳು ಸಾಲಾಗಿ, ಪ್ರತಿಸಲವೂ ಅದೇ ಜಾಗದಿಂದ ಎದ್ದು ಬರುತ್ತಿದ್ದವು. ನುಣುಪು ಕಡೆ ಸುಮಾರು ಹೊತ್ತು ಸದ್ದೇ ಇಲ್ಲ, ಆಮೇಲೆ ಒಂದೆರಡು ಜಾಗದಿಂದ ದೊಡ್ಡ ಗುಳ್ಳೆ ಗಡಬಡ ಅಂತ ಎದ್ದು ನೀರು ಹೊರಗೆ ಸಿಡಿಯಿತು.

ಕಾರಣ ಗೀರಿನೊಳಗೆ ಸಿಕ್ಕಿಕೊಂಡ ಚೂರು ಗಾಳಿ. ಆವಿ ಅದಕ್ಕೇ ಸೇರಿಕೊಂಡು ಬೆಳೆಯುತ್ತದೆ, ಏನೂ ಇಲ್ಲದ ಕಡೆ ಹೊಸ ಗುಳ್ಳೆ ಹುಟ್ಟೋದು ಬಹಳ ಕಷ್ಟ. ಶಿವಮೊಗ್ಗದ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ, ಆದರೆ ನುಣುಪು ತಳ ಅದಕ್ಕಿಂತ ಇನ್ನೂ ಕೆಲವು ಡಿಗ್ರಿ ಬಿಸಿಯಾಗದೆ ಗುಳ್ಳೆ ಬಿಡುವುದಿಲ್ಲ.

ಹಾಗಂತ ಗ್ಯಾಸ್ ಉಳಿಯುತ್ತದೆ ಅಂದುಕೊಳ್ಳಬೇಡಿ. ಒಂದು ಪಾತ್ರೆ ನೀರು ಕಾಯಲು ಹಿಡಿಯುವ ಹೊತ್ತನ್ನು ನಿರ್ಧರಿಸುವುದು ಉರಿ, ಗೀರಲ್ಲ. ಗೀರಿನಿಂದ ಸಿಗೋದು ಸಮನಾದ, ಸಿಡಿಯದ ಕುದಿ, ಅಷ್ಟೇ.

ನಾನ್‌ಸ್ಟಿಕ್ ಬಾಣಲೆಯಲ್ಲೂ ನೋಡಿದೆ. ಅದೂ ನುಣುಪೇ, ಆದರೆ ನೀರು ಅದಕ್ಕೆ ಅಂಟೋದಿಲ್ಲ ಅಲ್ವಾ, ಅದಕ್ಕೇ ಗುಳ್ಳೆ ಸುಲಭವಾಗಿ ಹುಟ್ಟಿ ಅಗಲವಾಗಿ ತಳಕ್ಕೇ ಕಚ್ಚಿಕೊಳ್ಳುತ್ತದೆ. ಬರೀ ನುಣುಪು ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ನನ್ನ ಓಟು ಗೀರಿಗೇ, ಆದರೆ ಒಂದು ತಕರಾರಿದೆ. ಬಳಸ್ತಾ ಬಳಸ್ತಾ ಉಜ್ಜಿದ ಕಡೆಯ ಹುರುಪು ಇಳಿಯಿತು. 1931ರಲ್ಲೇ ಯಾಕೋಬ್ ಮತ್ತು ಫ್ರಿಟ್ಸ್ ಅನ್ನುವ ಜರ್ಮನ್ ವಿಜ್ಞಾನಿಗಳು ಇದನ್ನು ಕಂಡಿದ್ದರು: ಒರಟು ಮಾಡಿದ ಲೋಹ ಮೊದಲು ಜೋರಾಗಿ ಕುದಿಸುತ್ತದೆ, ಆಮೇಲೆ ಆ ಲಾಭ ಕರಗುತ್ತದೆ. ಗೀರಿನೊಳಗಿನ ಗಾಳಿ ಹೋಗಿ ನೀರು ತುಂಬಿಕೊಂಡರೆ ಅಲ್ಲಿ ಗುಳ್ಳೆಗೆ ದಾರಿಯಿಲ್ಲ. ಪಾತ್ರೆ ಪೂರ್ತಿ ಒಣಗಿದರೆ ಮತ್ತೆ ಗಾಳಿ ಸೇರುತ್ತದೆ. ಆದರೆ ಆಷಾಢದ ಮಳೆಯಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗೋದಿಲ್ಲ, ಇನ್ನು ಪಾತ್ರೆ!