ಗಂಟಲಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು: ವಿಜಯಪುರದ ಒಂದು ಪ್ರಥಮ ಚಿಕಿತ್ಸೆ ತರಬೇತಿ

ವಿಜಯಪುರದ ಗಾಂಧಿ ಚೌಕದ ಸಮೀಪ ಸ್ವಯಂಸೇವಾ ಸಂಸ್ಥೆಯೊಂದು ಭಾನುವಾರ ನಡೆಸುವ ಅರ್ಧ ದಿನದ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಸುಟ್ಟ ಗಾಯ, ಮೂಳೆ ಮುರಿತಗಳ ಪಾಠ ಸಾಧಾರಣವಾಗಿದೆ; ಆದರೆ ಉಸಿರುನಾಳದಲ್ಲಿ ಆಹಾರ ಸಿಕ್ಕಿಕೊಂಡಾಗ ಮಾಡಬೇಕಾದುದನ್ನು ಕಲಿಸುವ ಒಂದು ಗಂಟೆಯೇ ಕೊಟ್ಟ ಶುಲ್ಕಕ್ಕೆ ಸಾಕು.

ತರಬೇತುದಾರರು ಮೊದಲು ಎರಡು ಸ್ಥಿತಿಗಳನ್ನು ಬೇರ್ಪಡಿಸಿ ತೋರಿಸಿದರು. ಊಟದ ನಡುವೆ ನೆತ್ತಿಗೆ ಹತ್ತಿ ಜೋರಾಗಿ ಕೆಮ್ಮುತ್ತಿರುವವರನ್ನು ಕೆಮ್ಮಲು ಬಿಡಬೇಕು. ನಮ್ಮ ಮನೆಗಳ ರೂಢಿಯಂತೆ ನೆತ್ತಿ ತಟ್ಟುವುದರಿಂದ ಪ್ರಯೋಜನವಿಲ್ಲ. ಮಾತು ಹೊರಡದೆ, ಕೆಮ್ಮಲೂ ಆಗದೆ, ಕೈಗಳು ಕುತ್ತಿಗೆಗೆ ಹೋದರೆ ಮಾತ್ರ ಕಾಯುವಂತಿಲ್ಲ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗ ಇನ್ನೊಬ್ಬರು ಅವರನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ಹೊಡೆಯಬೇಕು. ಆಗಲೂ ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಸೆಳೆದು 5 ಬಾರಿ ಒತ್ತಬೇಕು. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಶ್ವಾಸಕೋಶದಲ್ಲಿ ಉಳಿದ ಗಾಳಿಯೇ ಸಿಕ್ಕಿದ್ದನ್ನು ಹೊರದೂಡುತ್ತದೆ. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕೆಂಬುದನ್ನೂ, ಹೊಟ್ಟೆ ಒತ್ತಿಸಿಕೊಂಡವರು ಬಳಿಕ ವೈದ್ಯರಿಗೆ ತೋರಿಸಿಕೊಳ್ಳಲೇಬೇಕೆಂಬುದನ್ನೂ ಅವರು ಮರೆಯದೆ ಹೇಳಿದರು.

ಅಭ್ಯಾಸಕ್ಕೆ ಒಬ್ಬರಿಗೆ ದಪ್ಪನೆಯ ಜಾಕೀಟು ತೊಡಿಸುತ್ತಾರೆ. ಸರಿಯಾದ ಜಾಗದಲ್ಲಿ ಸಾಕಷ್ಟು ಬಲದಿಂದ ಒತ್ತಿದರೆ ಮಾತ್ರ ಅದರ ಕೊಳವೆಯಿಂದ ಸ್ಪಂಜಿನ ಬಿರಡೆ ಪಟ್ಟನೆ ಹಾರುತ್ತದೆ. “ಅಕ್ಕಾರ, ಇನ್ನೂ ಜೋರ್ ಒತ್ರಿ, ನಾಚಬ್ಯಾಡ್ರಿ” ಎಂದು ತರಬೇತುದಾರರು ಹುರಿದುಂಬಿಸುತ್ತಿದ್ದರೂ ಹೆಚ್ಚಿನವರ ಮೊದಲ ಒತ್ತಿಗೆ ಅದು ಅಲುಗಲಿಲ್ಲ. ಎಷ್ಟು ಬಲ ಬೇಕೆಂಬುದು ವಿಡಿಯೊ ನೋಡಿ ತಿಳಿಯುವ ಸಂಗತಿಯಲ್ಲ.

ಕೊರತೆ ಇರುವುದು ಕೂಸುಗಳ ಪಾಠದಲ್ಲಿ. ಒಂದು ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಕೂಡದು. ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಬೆನ್ನಿಗೆ 5 ಪೆಟ್ಟು, ಅನಂತರ ಮಗುಚಿ ಎದೆಗೆ 5 ಒತ್ತು ಕೊಡಬೇಕು. ಇಷ್ಟು ನಾಜೂಕಿನ ಕೆಲಸಕ್ಕೆ ಇಡೀ ತಂಡಕ್ಕೆ ಒಂದೇ ಗೊಂಬೆ ಇದ್ದುದರಿಂದ ಹಿಂದಿನ ಸಾಲಿನವರ ಕೈಗೆ ಅದು ಬರಲೇ ಇಲ್ಲ. ಪ್ರಜ್ಞೆ ತಪ್ಪಿದವರನ್ನು ನೆಲಕ್ಕೆ ಮಲಗಿಸಿ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ತುರ್ತು ಚಿಕಿತ್ಸೆ) ಆರಂಭಿಸಬೇಕು, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು ಎಂಬ ಮುಖ್ಯ ಮಾತೂ ಕೊನೆಯ ಗಡಿಬಿಡಿಯಲ್ಲಿ ಮುಗಿದುಹೋಯಿತು. ದ್ರಾಕ್ಷಿ ಬೆಳೆಯುವ ಈ ಜಿಲ್ಲೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಿಗೆ ಹಣ್ಣನ್ನು ಉದ್ದಕ್ಕೆ ಸೀಳಿ ಕೊಡಬೇಕು, ಇಡೀ ಶೇಂಗಾ ಕಾಳು ಕೊಡಬಾರದು ಎಂದು ಯಾರೂ ಹೇಳದಿದ್ದುದು ನನಗೆ ಸೋಜಿಗವೆನಿಸಿತು.

ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಅಂಗನವಾಡಿ ಕಾರ್ಯಕರ್ತೆಯರು ಪಕ್ಕದವರನ್ನು ಕೇಳಿ ಕೇಳಿ ಬರೆದುಕೊಳ್ಳಬೇಕಾಯಿತು. ಮನೆಯಲ್ಲಿ ಕೂಸು ಇರುವವರು ಮುಂಚೆಯೇ ಹೋಗಿ ಮುಂದಿನ ಸಾಲು ಹಿಡಿಯುವುದು ಒಳಿತು.