ಪೆಡಲ್ ನಡುಗಿದರೂ ಕಾಲು ತೆಗೆಯಬೇಡಿ: ದೇವಿಮನೆ ಘಟ್ಟದಲ್ಲಿ ಎಬಿಎಸ್ ಜೊತೆ ಆರು ವರ್ಷ

ನನ್ನದು 2019ರ ಸಣ್ಣ ಪೆಟ್ರೋಲ್ ಕಾರು. ಇಲ್ಲಿವರೆಗೆ 74,000 ಕಿ.ಮೀ. ಓಡಿದೆ. ಅರ್ಧಕ್ಕಿಂತ ಜಾಸ್ತಿ ಓಡಿದ್ದು ಶಿರಸಿ–ಕುಮಟಾ ರಸ್ತೆಯಲ್ಲೇ, ದೇವಿಮನೆ ಘಟ್ಟ ಇರುವುದು ಅದರಲ್ಲೇ. ಮೈಲೇಜು, ಡಿಕ್ಕಿ, ಎಸಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುವುದು ಎಬಿಎಸ್ ಬಗ್ಗೆ ಮಾತ್ರ, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ತಿರುಗುವುದು ನಿಂತು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಅಂದರೆ ನಿಮ್ಮ ಕಾರಲ್ಲೂ ಇರಬಹುದು. ಅದು ಕೆಲಸ ಮಾಡುವಾಗ ಕಾಲಿಗೆ ಹೇಗನಿಸುತ್ತದೆ ಅಂತ ಯಾರಾದರೂ ಹೇಳಿದ್ದಾರಾ? ನನಗೆ ಹೇಳಿರಲಿಲ್ಲ.

ಕಾರು ತಗೊಂಡ ದಿನ ಶೋರೂಮಿನ ಹುಡುಗ ಫೋನನ್ನು ಪರದೆಗೆ ಜೋಡಿಸುವುದು ಹೇಗೆ ಅಂತ ಅರ್ಧ ಗಂಟೆ ತೋರಿಸಿದ. ಬ್ರೇಕಿನ ವಿಷಯಕ್ಕೆ ಬಂದಾಗ 'ಎಬಿಎಸ್ ಇದೆ ಸರ್' ಅಂದ, ಅಷ್ಟೇ. ನಾನು ಗಾಡಿ ಕಲಿತದ್ದು ಅಪ್ಪಯ್ಯನ ಹಳೇ ಜೀಪಿನಲ್ಲಿ. 'ಮಳೆಲ್ಲಿ ಒಂದೇ ಸಲ ಒತ್ತಲಾಗ ತಮಾ, ಬಿಟ್ಟು ಬಿಟ್ಟು ಒತ್ತವು' ಅನ್ನುತ್ತಿದ್ದ. ಆ ಜೀಪಿಗೆ ಅದು ಸರಿ. ಗಾಲಿ ತಿರುಗುವುದು ನಿಂತು ಜಾರಲು ಶುರುವಾದರೆ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಇಪ್ಪತ್ತು ವರ್ಷ ಹಾಗೇ ಓಡಿಸಿದ ಕಾಲು ನನ್ನದು.

ಆ ಜುಲೈನಲ್ಲಿ ಘಟ್ಟ ಇಳಿಯುತ್ತಿದ್ದೆ. ಮಳೆ ಹೊಯ್ಯುತ್ತಿತ್ತು. ತಿರುವು ದಾಟಿದ ಕೂಡಲೇ ನಡುರಸ್ತೆಯಲ್ಲಿ ಮೂರು ಎಮ್ಮೆ. ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಅಂಗಾಲಿಗೆ ಟಪಟಪ ಅಂತ ಬಡಿಯತೊಡಗಿತು. ಮುಂದಿನಿಂದ ಗರಗರ ಸದ್ದು, ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಹಾಗೆ. ಏನೋ ಮುರಿಯಿತು ಅಂದುಕೊಂಡು ಕಾಲು ತೆಗೆದುಬಿಟ್ಟೆ. ಕಾರು ಸರ್ರನೆ ಮುಂದೆ ಹೋಯಿತು. ಮತ್ತೆ ಒತ್ತಿ, ಎಡಕ್ಕೆ ತಿರುಗಿಸಿದೆ. ಒಂದು ಗಾಲಿ ಚರಂಡಿಗೆ ಇಳಿದ ಮೇಲೆ ನಿಂತಿತು. ಎಮ್ಮೆಗೂ ನನಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಕುಮಟಾ ಮುಟ್ಟುವವರೆಗೆ ಮಾತಾಡಲಿಲ್ಲ.

ಮುರಿದದ್ದು ಏನೂ ಇರಲಿಲ್ಲ. ಆ ಬಡಿತವೇ ಎಬಿಎಸ್. ಪ್ರತಿ ಗಾಲಿಯ ಹತ್ತಿರ, ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ನೋಡುವ ಒಂದು ಸೆನ್ಸರ್ ಇರುತ್ತದೆ. ಯಾವ ಗಾಲಿ ತಿರುಗುವುದು ನಿಲ್ಲುವ ಹಂತಕ್ಕೆ ಬಂತೋ ಆ ಗಾಲಿಯ ಬ್ರೇಕನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ. ಅಪ್ಪಯ್ಯನ 'ಬಿಟ್ಟು ಬಿಟ್ಟು ಒತ್ತು' ಕೆಲಸವನ್ನು ಅದೇ ಮಾಡುತ್ತದೆ, ಒಂದೊಂದು ಗಾಲಿಗೂ ಬೇರೆ ಬೇರೆಯಾಗಿ. ನಮ್ಮ ಕೆಲಸ ಎರಡೇ: ಪೂರ್ತಿ ಒತ್ತಿ ಹಿಡಿಯಬೇಕು, ಎಲ್ಲಿಗೆ ಹೋಗಬೇಕೋ ಆ ಕಡೆ ಸ್ಟೇರಿಂಗ್ ತಿರುಗಿಸಬೇಕು. ನಾವೇ ಪಂಪ್ ಮಾಡಿದರೆ ಅದರ ಕೆಲಸ ಕೆಡುತ್ತದೆ.

ಈಗ ಪ್ರತಿ ವರ್ಷ ಜೂನ್ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಇದಕ್ಕೇ ಅಂತ ಇಟ್ಟಿದ್ದೇನೆ. ಊರಾಚೆ ಒಂದು ಖಾಲಿ ಡಾಂಬರು ರಸ್ತೆ ಇದೆ, ನೆಟ್ಟಗೆ, ಎರಡೂ ಕಡೆ ಬಯಲು. ಆರು ಗಂಟೆಗೆ ಹೋಗುತ್ತೇನೆ. ಒದ್ದೆ ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಇಡುತ್ತೇನೆ, ಗೋಣಿ ತುಂಡಿಗೆ ಕಾಲು ಒರೆಸಿ ಕ್ಯಾನ್ವಾಸ್ ಶೂ ಹಾಕುತ್ತೇನೆ. ಬ್ರೇಕ್ ತಳ ಮುಟ್ಟಿದರೂ ಮೊಣಕಾಲು ಸ್ವಲ್ಪ ಮಡಚಿಯೇ ಇರುವ ಹಾಗೆ ಸೀಟು ಮುಂದೆ ತರುತ್ತೇನೆ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ನಲವತ್ತರ ವೇಗದಲ್ಲಿ ಕ್ಲಚ್ಚು ಬ್ರೇಕು ಎರಡೂ ಒಟ್ಟಿಗೆ ತಳದವರೆಗೆ. ಟಪಟಪ ಬಡಿತ ಬರುತ್ತದೆ. ನಿಲ್ಲುವವರೆಗೆ ಕಾಲು ಬಿಡುವುದಿಲ್ಲ. ನಾಲ್ಕೈದು ಸಲ ಮಾಡಿದರೆ ಸಾಕು, ಕಾಲಿಗೆ ಆ ಬಡಿತದ ಪರಿಚಯ ಉಳಿಯುತ್ತದೆ. ಕಳೆದ ವರ್ಷ ಮಗಳಿಗೂ ಮಾಡಿಸಿದೆ. ಮೊದಲ ಸಲ ಅವಳೂ ನನ್ನ ಹಾಗೇ ಕಾಲು ತೆಗೆದಳು. ಮೂರನೇ ಸಲ ಒತ್ತಿ ಹಿಡಿದುಕೊಂಡೇ ನಾನಿಟ್ಟಿದ್ದ ಖಾಲಿ ಡಬ್ಬಿಗೆ ತಾಗಿಸದೆ ಪಕ್ಕದಿಂದ ಹೋದಳು. ಆಗ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಕಾರಿಗೆ ಕೊಟ್ಟ ದುಡ್ಡೆಲ್ಲ ಅವತ್ತೇ ವಸೂಲಾಯಿತು.

ಬೇಜಾರಿನ ವಿಷಯವೂ ಇದೆ. ರಸ್ತೆ ಅಗಲ ಮಾಡುವ ಕೆಲಸ ನಡೆಯುವ ಕಡೆ ಸಡಿಲ ಜಲ್ಲಿ, ಕೆಂಪು ಮಣ್ಣು ಬಿದ್ದಿರುತ್ತದೆ. ಅಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತಗೊಳ್ಳುತ್ತದೆ. ಎಬಿಎಸ್ ಇಲ್ಲದ ಗಾಡಿಯಲ್ಲಿ ನಿಂತ ಗಾಲಿ ತನ್ನ ಮುಂದೆ ಜಲ್ಲಿ ರಾಶಿ ಮಾಡಿಕೊಂಡು ಅದಕ್ಕೇ ತಡೆದು ನಿಲ್ಲುತ್ತದೆ. ನಮ್ಮದು ತಿರುಗುತ್ತಲೇ ಇರುತ್ತದಲ್ಲ, ರಾಶಿ ಆಗುವುದಿಲ್ಲ. ಇದು ಗೊತ್ತಾದ ಮೇಲೆ ಜಲ್ಲಿ ಕಂಡರೆ ಮೊದಲೇ ನಿಧಾನ ಮಾಡುತ್ತೇನೆ. ಎಬಿಎಸ್ ಇದೆ ಅಂತ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಓಡಿಸುವವರನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ನಲವತ್ತರ ಬದಲು ಅರವತ್ತರಲ್ಲಿ ಇದ್ದರೆ, ಬ್ರೇಕ್ ಹಿಡಿದ ಮೇಲೆ ಓಡುವ ದೂರ ಎರಡು ಪಟ್ಟಿಗಿಂತ ಜಾಸ್ತಿ. ಎಬಿಎಸ್ ಆ ಲೆಕ್ಕ ಬದಲಿಸುವುದಿಲ್ಲ. ಘಟ್ಟದ ಇಳಿಜಾರಿಗೆ ಈಗಲೂ ಎರಡನೇ ಗೇರೇ ಬೇಕು. ಕಾದು ಸೋತ ಬ್ರೇಕಿಗೂ ನುಣ್ಣಗಾದ ಟೈರಿಗೂ ಎಬಿಎಸ್ ಏನೂ ಮಾಡಲಾರದು.

ಮೂರನೇ ಮಳೆಗಾಲದಲ್ಲಿ ಸ್ಟೇರಿಂಗ್ ಮುಂದಿನ ಫಲಕದಲ್ಲಿ ಎಬಿಎಸ್‌ನ ಹಳದಿ ದೀಪ ಹತ್ತಿಕೊಂಡೇ ಉಳಿಯಿತು. ಆ ದೀಪ ಉರಿಯುವಾಗ ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಬೇಕು. ಒಂದು ಸರ್ವಿಸ್ ಸೆಂಟರಿನವರು ನೋಡಿದ್ದೇ ಸೆನ್ಸರ್ ಬದಲಿಸಬೇಕು ಅಂದರು. ಗಾಲಿ ಬಿಚ್ಚಲೂ ಇಲ್ಲ. ನಾನು ಒಪ್ಪದೆ ಊರಿನ ಮೆಕ್ಯಾನಿಕ್ ಹತ್ತಿರ ತಗೊಂಡು ಹೋದೆ. ಗಾಲಿ ಬಿಚ್ಚಿದ, ಗಾಲಿಯ ಜೊತೆ ತಿರುಗುವ, ಸೆನ್ಸರ್ ನೋಡುವ ಹಲ್ಲಿನ ಬಳೆಯ ಸುತ್ತ ಗಟ್ಟಿಯಾಗಿ ಮೆತ್ತಿದ್ದ ಕೆಸರನ್ನು ಬ್ರಷ್‌ನಲ್ಲಿ ಕೆರೆದ. 'ಸೆನ್ಸರ್ ಚಲೋ ಇದೆ ಹೆಗಡೇರೆ, ಮಣ್ಣು ತುಂಬಿತ್ತು' ಅಂದ. ಮುನ್ನೂರು ರೂಪಾಯಿ ತಗೊಂಡ. ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಆರಿತು.

ಹಾಗಾಗಿ ದಿನಾ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಆ ದೀಪ ನೋಡುವುದು ರೂಢಿಯಾಗಿದೆ. ಹತ್ತಬೇಕು, ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಹಳೇ ಕಾರು ತಗೊಳ್ಳುವವರೂ ಇದನ್ನು ನೋಡಿ. ದೀಪ ಹತ್ತುವುದೇ ಇಲ್ಲ ಅಂದರೆ ಖುಷಿಪಡಬೇಡಿ. ಎಬಿಎಸ್ ಕೆಟ್ಟದ್ದು ಗೊತ್ತಾಗಬಾರದು ಅಂತ ಯಾರೋ ದೀಪವನ್ನೇ ತಪ್ಪಿಸಿರಬಹುದು. ದುಡ್ಡು ಕೊಡುವ ಮೊದಲು ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ (ಕಾರಿನ ದೋಷ ಓದುವ ಯಂತ್ರ) ಹಾಕಿಸಿ ನೋಡಿ.